ಯೂನಿಟ್ ದರ ಇಳಿದರೂ ಕರೆಂಟ್ ಬಿಲ್ ಏರಿದ್ದು ಹೇಗೆ?

2025ರ ಮಾರ್ಚ್‌ನಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಮನೆಗಳ ವಿದ್ಯುತ್ ದರವನ್ನು ಯೂನಿಟ್‌ಗೆ 10 ಪೈಸೆ ಇಳಿಸಿತು. 5 ರೂಪಾಯಿ 90 ಪೈಸೆ ಇದ್ದದ್ದು 5 ರೂಪಾಯಿ 80 ಪೈಸೆ ಆಯಿತು. ಅದೇ ತಿಂಗಳು ಯೂನಿಟ್‌ಗೆ 36 ಪೈಸೆ ಹೆಚ್ಚುವರಿ ವಸೂಲಿಗೂ ಒಪ್ಪಿಗೆ ಕೊಟ್ಟಿತು. ಹಾಗಾಗಿ ಒಂದು ಕಡೆ ‘ದರ ಇಳಿಕೆ’, ಇನ್ನೊಂದು ಕಡೆ ‘ಕರೆಂಟ್ ಶಾಕ್’ ಅನ್ನುವ ಸುದ್ದಿ. ಯಾವುದನ್ನು ನಂಬೋದು? ಏಪ್ರಿಲ್ ಬಳಕೆಯ ಬಿಲ್ ಮೇನಲ್ಲಿ ಕೈಗೆ ಬಂದಾಗ ಬಹುಪಾಲು ಜನರಿಗೆ ಉತ್ತರ ಸಿಕ್ಕಿತು. ಮೊತ್ತ ಏರಿತ್ತು. ಏಕೆ ಏರಿತು ಅನ್ನುವುದು ಮಾತ್ರ ಆ ಉದ್ದನೆಯ ಚೀಟಿಯಲ್ಲಿ ಸುಲಭಕ್ಕೆ ಕಾಣುವುದಿಲ್ಲ.

ಎರಡು ಸುದ್ದಿಯೂ ಸುಳ್ಳಲ್ಲ. ಆದರೆ ಯೂನಿಟ್ ದರ ಒಂದನ್ನೇ ನೋಡುತ್ತಾ ಕೂತರೆ ಬಿಲ್ ಅರ್ಥ ಆಗುವುದಿಲ್ಲ. ನಾವು ಸ್ವಿಚ್ ಆರಿಸಿದರೆ ಕಡಿಮೆಯಾಗುವ ಭಾಗವೊಂದು ಬಿಲ್‌ನಲ್ಲಿದೆ. ಏನೇ ಮಾಡಿದರೂ ಅಲ್ಲಾಡದ ಭಾಗ ಇನ್ನೊಂದು. ಈ ಎರಡನೆಯದು ದಪ್ಪ ಆಗುತ್ತಿದೆ.

ಒಂದು ಬಿಲ್ ಬಿಡಿಸಿ ನೋಡಿದರೆ

ಮೂರು ಕಿಲೋವ್ಯಾಟ್ ಲೋಡ್, ಅಂದರೆ ಸಂಪರ್ಕ ಕೊಡುವಾಗ ಮಂಜೂರಾದ ವಿದ್ಯುತ್ ಮಿತಿ, ಇರುವ ಒಂದು ಮನೆ. ತಿಂಗಳಿಗೆ 220 ಯೂನಿಟ್ ಖರ್ಚು. 200 ದಾಟಿದ್ದರಿಂದ ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟ್ ಇಲ್ಲ ಅಂತ ಇಟ್ಟುಕೊಳ್ಳಿ.

2025ರ ಮಾರ್ಚ್‌ವರೆಗೆ ಈ ಮನೆಯ ಲೆಕ್ಕ ಹೀಗಿತ್ತು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120 ರೂಪಾಯಿಯಂತೆ 360. ವಿದ್ಯುತ್ ಶುಲ್ಕ ಯೂನಿಟ್‌ಗೆ 5.90ರಂತೆ 1,298. ಅದರ ಮೇಲೆ ಶೇ 9 ತೆರಿಗೆ ಸುಮಾರು 117. ಒಟ್ಟು 1,775 ರೂಪಾಯಿ.

ಏಪ್ರಿಲ್‌ನಿಂದ ವಿದ್ಯುತ್ ಶುಲ್ಕ 1,276ಕ್ಕೆ ಇಳಿಯಿತು. ಉಳಿದದ್ದು 22 ರೂಪಾಯಿ. ಸಂತೋಷ. ಆದರೆ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145 ಆಯಿತು, ಅಂದರೆ 435. ಇಲ್ಲೇ 75 ರೂಪಾಯಿ ಜಾಸ್ತಿ. ಆಮೇಲೆ 36 ಪೈಸೆಯ ಸರ್‌ಚಾರ್ಜ್, 220 ಯೂನಿಟ್‌ಗೆ 79 ರೂಪಾಯಿ. ತೆರಿಗೆ ಎರಡು ರೂಪಾಯಿ ಕಡಿಮೆ. ಒಟ್ಟು 1,905. ‘ದರ ಇಳಿಕೆ’ಯ ನಂತರ ಅದೇ ಮನೆ, ಅದೇ ಫ್ಯಾನು, ಅದೇ ಫ್ರಿಜ್ಜು, 130 ರೂಪಾಯಿ ಹೆಚ್ಚು. ತಿಂಗಳು ತಿಂಗಳು ಬದಲಾಗುವ ಇಂಧನ ಹೊಂದಾಣಿಕೆಯನ್ನು ಇದಕ್ಕೆ ಸೇರಿಸಿಲ್ಲ. ಅದರ ಕಥೆ ಬೇರೆಯೇ ಇದೆ.

1,905ನ್ನು 220ರಿಂದ ಭಾಗಿಸಿ ನೋಡಿ. ಯೂನಿಟ್‌ಗೆ 8 ರೂಪಾಯಿ 66 ಪೈಸೆ ಬೀಳುತ್ತದೆ. 5.80 ಅನ್ನುವುದು ಬೋರ್ಡಿನ ಮೇಲಿನ ರೇಟು, ಅಷ್ಟೇ. 2025-26ರ ಇದೇ ದರದಲ್ಲಿ ಈ ಮೂರು ಕಿಲೋವ್ಯಾಟ್ ಮನೆಯಲ್ಲಿ ಬರೀ 60 ಯೂನಿಟ್ ಬಳಸಿ, ಸಬ್ಸಿಡಿ ಇಲ್ಲದಿದ್ದರೆ ಬಿಲ್ 836 ರೂಪಾಯಿ. ಯೂನಿಟ್‌ಗೆ ಹತ್ತಿರ ಹತ್ತಿರ 14 ರೂಪಾಯಿ! ಕಡಿಮೆ ಬಳಸಿದವನಿಗೆ ಯೂನಿಟ್ ದುಬಾರಿ. ಊರಲ್ಲಿ ಬೀಗ ಹಾಕಿಟ್ಟ ಎರಡು ಕಿಲೋವ್ಯಾಟ್ ಮನೆಗೆ ಒಂದು ಬಲ್ಬೂ ಉರಿಯದೆ ವರ್ಷಕ್ಕೆ 3,480 ರೂಪಾಯಿ ನಿಗದಿತ ಶುಲ್ಕ ಬೀಳುವುದೂ ಇದೇ ಲೆಕ್ಕದಲ್ಲಿ.

ರೇಟ್ ಹಾಕೋರು ಯಾರು?

ಬಿಲ್ ಜಾಸ್ತಿ ಬಂದಾಗ ಬೈಗುಳ ಮೊದಲು ಬೀಳೋದು ಮೀಟರ್ ರೀಡರ್‌ಗೆ. ಆಮೇಲೆ ಎಸ್ಕಾಂಗೆ, ಅಂದರೆ ಮನೆಗೆ ಕರೆಂಟ್ ಹಂಚುವ ಕಂಪನಿಗೆ. ಆಮೇಲೆ ಸರ್ಕಾರಕ್ಕೆ. ಕಾಗದದ ಮೇಲೆ ಇವರು ಯಾರೂ ದರ ನಿಗದಿ ಮಾಡುವುದಿಲ್ಲ.

ಹಿಂದೆ ಎಲ್ಲವೂ ಕೆಇಬಿ, ಅಂದರೆ ಕರ್ನಾಟಕ ವಿದ್ಯುತ್ ಮಂಡಳಿ. ಈಗಲೂ ಎಷ್ಟೋ ಊರಲ್ಲಿ ಲೈನ್‌ಮ್ಯಾನ್ ಅಂದರೆ ‘ಕೆಇಬಿಯವರು’ ಅಲ್ವಾ? 1999ರಲ್ಲಿ ಅದು ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಆಯಿತು. 2002ರಲ್ಲಿ ಹಂಚಿಕೆಯ ಕೆಲಸ ಬೇರೆಯಾಗಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಹುಟ್ಟಿದವು. ಮೈಸೂರು ಭಾಗದ ಚಾಮುಂಡೇಶ್ವರಿ ಕಂಪನಿ 2005ರಲ್ಲಿ ಸೇರಿಕೊಂಡಿತು. ಈ ಐದೂ ಕಂಪನಿ ಸರ್ಕಾರದ್ದೇ. ಇವು ಕರೆಂಟ್ ತಯಾರಿಸುವುದಿಲ್ಲ, ಕೊಂಡು ಮಾರುತ್ತವೆ. ಇವುಗಳ ಖರ್ಚಿನಲ್ಲಿ ಮುಕ್ಕಾಲು ಭಾಗದಷ್ಟು ಹೋಗುವುದು ಬರೀ ವಿದ್ಯುತ್ ಖರೀದಿಗೆ. ರಾಯಚೂರು, ಬಳ್ಳಾರಿಯ ಉಷ್ಣ ಸ್ಥಾವರ, ಶರಾವತಿಯ ಜಲವಿದ್ಯುತ್, ಕೈಗಾ ಅಣು ಸ್ಥಾವರ, ಪಾವಗಡದ ಸೋಲಾರ್, ಕೇಂದ್ರದ ಪಾಲು, ಖಾಸಗಿ ಕಂಪನಿಗಳು, ಸಾಲದಿದ್ದರೆ ಮಾರುಕಟ್ಟೆ.

‘ನಮಗೆ ಇಷ್ಟು ಖರ್ಚಾಗುತ್ತೆ, ಇಷ್ಟು ದರ ಬೇಕು’ ಅಂತ ಎಸ್ಕಾಂಗಳು ಕೆಇಆರ್‌ಸಿ ಮುಂದೆ ಅರ್ಜಿ ಹಾಕುತ್ತವೆ. ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಯಾರು ಬೇಕಾದರೂ ಹೋಗಿ ಆಕ್ಷೇಪ ಹೇಳಬಹುದು. ಆಯೋಗ ಕೇಳಿದ್ದಷ್ಟನ್ನೂ ಕೊಡುವುದು ಅಪರೂಪ, ಒಂದಿಷ್ಟು ಕತ್ತರಿಸುತ್ತದೆ. ಆದರೆ ಖರೀದಿ ಒಪ್ಪಂದಗಳು ಮೊದಲೇ ಆಗಿರುತ್ತವೆ. ಹಾಗಾಗಿ ಕತ್ತರಿ ಆಡಿಸೋಕೆ ಉಳಿಯುವ ಜಾಗ ಸ್ವಲ್ಪವೇ. ಜನರ ಕಣ್ಣು ಈ ವಿಚಾರಣೆಯ ಮೇಲಿರುತ್ತದೆ. ಇಪ್ಪತ್ತೈದು ವರ್ಷಕ್ಕೆ ಕಂಪನಿಯೊಂದರ ಜತೆ ಒಪ್ಪಂದಕ್ಕೆ ಸಹಿ ಬೀಳುವಾಗ ಯಾರೂ ತಿರುಗಿ ನೋಡುವುದಿಲ್ಲ. ಬಿಲ್‌ನ ದೊಡ್ಡ ಪಾಲು ತೀರ್ಮಾನ ಆಗುವುದು ಅಲ್ಲಿ.

ನಿಗದಿತ ಶುಲ್ಕ ಏಕೆ ಉಬ್ಬುತ್ತಿದೆ

ಉಷ್ಣ ಸ್ಥಾವರದ ಜತೆಗಿನ ಒಪ್ಪಂದದಲ್ಲಿ ಎರಡು ಬಗೆಯ ಹಣ ಇರುತ್ತದೆ. ಒಂದು, ಸ್ಥಾವರ ಕಟ್ಟಿದ ಸಾಲ, ಬಡ್ಡಿ, ಸಿಬ್ಬಂದಿ ಖರ್ಚಿಗೆ ಕೊಡುವ ಸಾಮರ್ಥ್ಯ ಶುಲ್ಕ. ಇನ್ನೊಂದು, ಸುಟ್ಟ ಕಲ್ಲಿದ್ದಲಿನ ದುಡ್ಡು. ಸ್ಥಾವರ ಸಿದ್ಧವಾಗಿದ್ದು ಎಸ್ಕಾಂ ಕರೆಂಟ್ ತಗೊಳ್ಳದಿದ್ದರೂ ಮೊದಲನೆಯದನ್ನು ಕೊಡಲೇಬೇಕು. ಮದುವೆ ಛತ್ರ ಬುಕ್ ಮಾಡಿದ ಹಾಗೆ. ನೂರು ಜನ ಬಂದರೂ ಸಾವಿರ ಜನ ಬಂದರೂ ಛತ್ರದ ಬಾಡಿಗೆ ಅಷ್ಟೇ.

ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಕೆಪಿಟಿಸಿಎಲ್‌ಗೆ ಕೊಡುವ ಪ್ರಸರಣ ಶುಲ್ಕ, ಇವೂ ಹಾಗೆಯೇ. ಮಾರಾಟ ಕಡಿಮೆಯಾದರೂ ಈ ಖರ್ಚು ಕಡಿಮೆಯಾಗದು. ಇಷ್ಟು ವರ್ಷ ಈ ಖರ್ಚಿನ ದೊಡ್ಡ ಪಾಲನ್ನು ಯೂನಿಟ್ ದರದೊಳಗೇ ತುಂಬಿ ವಸೂಲಿ ಮಾಡಲಾಗುತ್ತಿತ್ತು. ಈಗ ಅದನ್ನು ಹೊರಗೆ ತೆಗೆದು ನಿಗದಿತ ಶುಲ್ಕಕ್ಕೆ ಹಾಕುವ ಕೆಲಸ ನಡೆದಿದೆ. 10 ಪೈಸೆ ಇಳಿದದ್ದು, ಕಿಲೋವ್ಯಾಟ್‌ಗೆ 25 ರೂಪಾಯಿ ಏರಿದ್ದು ಒಂದೇ ತಕ್ಕಡಿಯ ಎರಡು ತಟ್ಟೆ.

ಇದಕ್ಕೆ ಸೋಲಾರ್ ಕೂಡ ಕಾರಣ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78 ಸಾವಿರ ರೂಪಾಯಿವರೆಗೆ ಕೇಂದ್ರದ ಸಬ್ಸಿಡಿ ಸಿಗುತ್ತದೆ. ತಾರಸಿ ಮೇಲೆ ಪ್ಯಾನೆಲ್ ಹಾಕಿದ ಮನೆ ಎಸ್ಕಾಂನಿಂದ ಕೊಳ್ಳುವ ಯೂನಿಟ್ ಕಡಿಮೆ. ಆದರೆ ಸಂಜೆ ಏಳಕ್ಕೆ ಅದಕ್ಕೂ ಕಂಬದ ಕರೆಂಟೇ ಬೇಕು. ಇಂಥ ಮನೆಯಿಂದ ತಂತಿಯ ಬಾಡಿಗೆ ವಸೂಲಿ ಮಾಡೋಕೆ ಕಂಪನಿಗೆ ನಿಗದಿತ ಶುಲ್ಕ ಬಿಟ್ಟು ಬೇರೆ ದಾರಿ ಇಲ್ಲ.

ಈ ವಾದದಲ್ಲಿ ಹುರುಳಿದೆ. ಆದರೆ ಹೊಡೆತ ಬೀಳುವುದು ಪ್ಯಾನೆಲ್ ಹಾಕಿಸಿಕೊಂಡವರಿಗೆ ಮಾತ್ರ ಅಲ್ಲ. ಸಬ್ಸಿಡಿ ಸಿಗದೆ, ಮಿತವಾಗಿ ಕರೆಂಟ್ ಬಳಸುವ ಮನೆಗೂ ಬೀಳುತ್ತದೆ. ಐದು ಸ್ಟಾರ್ ಫ್ರಿಜ್ ತಂದು, ಎಲ್‌ಇಡಿ ಬಲ್ಬ್ ಹಾಕಿ ಯೂನಿಟ್ ಉಳಿಸಿದರೂ ಬಿಲ್‌ನ ಈ ಭಾಗ ಒಂದು ಪೈಸೆಯೂ ಇಳಿಯುವುದಿಲ್ಲ.

36 ಪೈಸೆ: ಪಿಂಚಣಿಯ ಜಗಳ

ಸರ್‌ಚಾರ್ಜ್ ಅಂದ ಕೂಡಲೇ ಕಲ್ಲಿದ್ದಲು ನೆನಪಾಗುತ್ತದೆ. ಈ 36 ಪೈಸೆಗೂ ಕಲ್ಲಿದ್ದಲಿಗೂ ಸಂಬಂಧವೇ ಇಲ್ಲ. ಇದು ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಹಣ. ಬಿಲ್‌ನಲ್ಲಿ ‘ಪಿ ಅಂಡ್ ಜಿ’ ಅಂತ ಕಾಣುತ್ತದೆ. 2025-26ಕ್ಕೆ 36 ಪೈಸೆ, ಅದರ ಮುಂದಿನ ವರ್ಷ 35, ಆಮೇಲಿನದಕ್ಕೆ 34 ಅಂತ ಆಯೋಗ ನಿಗದಿ ಮಾಡಿದೆ.

ಕೆಇಬಿ ಒಡೆದು ಕಂಪನಿಗಳಾದಾಗ ನೌಕರರಿಗಿದ್ದ ದೊಡ್ಡ ಭಯ ಪಿಂಚಣಿಯದು. ‘ಚಿಂತೆ ಬೇಡ, ಸಿಗುತ್ತೆ’ ಅನ್ನುವ ಭರವಸೆ ಕೊಟ್ಟೇ ಸರ್ಕಾರ ಅವರನ್ನು ಒಪ್ಪಿಸಿತು. ಆ ಹೊರೆಯಲ್ಲಿ ತನ್ನ ಪಾಲನ್ನು ಮುಂದೆ ಗ್ರಾಹಕರಿಂದ ವಸೂಲಿ ಮಾಡಿಕೊಳ್ಳಿ ಅಂತ ಆಮೇಲೆ ಹೇಳಿತು. ಉದ್ಯಮಿಗಳು ಕೋರ್ಟಿಗೆ ಹೋದರು. 2024ರಲ್ಲಿ ಹೈಕೋರ್ಟ್ ತೀರ್ಪು ಸರ್ಕಾರದ ಪರ ಬಂತು. ಅಲ್ಲಿಂದ ಅದು ನೇರ ಬಿಲ್‌ಗೆ ಇಳಿಯಿತು.

ನೌಕರರ ಪ್ರಕಾರ ಇದು ದುಡಿದ ಕೂಲಿ, ಯಾರ ಭಿಕ್ಷೆಯೂ ಅಲ್ಲ. ಸರಿಯೇ. ಸರ್ಕಾರದ ಪ್ರಕಾರ ಸಿಬ್ಬಂದಿ ವೆಚ್ಚವೂ ಕಂಪನಿಯ ವೆಚ್ಚವೇ, ಸಂಬಳವನ್ನು ದರದಲ್ಲಿ ಸೇರಿಸುವ ಹಾಗೆ ಇದನ್ನೂ ಸೇರಿಸಬಹುದು. ಉದ್ಯಮಿಗಳು ಕೇಳುವುದು, ಸರ್ಕಾರ ಹೊರುತ್ತೇನೆ ಅಂದ ಹಳೆಯ ಸೇವೆಯ ಹೊರೆ ಇವತ್ತು ಸಂಪರ್ಕ ಪಡೆದವನ ತಲೆಗೆ ಏಕೆ ಅಂತ. ಪಿಂಚಣಿ ಕೊಡಬೇಕೇ ಬೇಡವೇ ಅನ್ನುವ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ. ಅದು ಬಜೆಟ್‌ನಿಂದ ಹೋಗಬೇಕೋ, ಬಿಲ್‌ನಿಂದ ಹೋಗಬೇಕೋ ಅನ್ನುವುದಷ್ಟೇ. ಬಜೆಟ್‌ನಿಂದ ಹೋದರೆ ಹೆಚ್ಚು ತೆರಿಗೆ ಕಟ್ಟುವವರು ಹೆಚ್ಚು ಹೊರುತ್ತಾರೆ. ಬಿಲ್‌ನಿಂದ ಹೋದರೆ ಯೂನಿಟ್‌ಗೆ ಎಲ್ಲರಿಗೂ ಅಷ್ಟೇ ಪೈಸೆ. ಈ ವ್ಯತ್ಯಾಸ ಸಣ್ಣದಲ್ಲ.

ಲಿಂಗನಮಕ್ಕಿ ಬತ್ತಿದರೆ ಬಿಲ್ ಏಕೆ ಏರುತ್ತೆ

ಈಗ ಆ ಇಂಧನ ಹೊಂದಾಣಿಕೆ. ಬಿಲ್‌ನಲ್ಲಿ ‘ಎಫ್‌ಪಿಪಿಸಿಎ’ ಅಂತ ಇರುತ್ತದೆ. ಓದೋಕೇ ಕಷ್ಟ.

ಆಯೋಗ ದರ ನಿಗದಿ ಮಾಡುವಾಗ ಒಂದು ಅಂದಾಜು ಇಟ್ಟುಕೊಳ್ಳುತ್ತದೆ. ಮಳೆ ಹೀಗಾಗುತ್ತದೆ, ಕಲ್ಲಿದ್ದಲಿಗೆ ಇಷ್ಟು ಬೆಲೆ, ಬೇಡಿಕೆ ಇಷ್ಟು. ವರ್ಷದ ನಡುವೆ ಅಂದಾಜು ತಪ್ಪಿದರೆ ವ್ಯತ್ಯಾಸವನ್ನು ಯೂನಿಟ್‌ಗೆ ಇಷ್ಟು ಪೈಸೆ ಅಂತ ಎರಡು-ಮೂರು ತಿಂಗಳ ನಂತರದ ಬಿಲ್‌ಗೆ ಹಾಕಲಾಗುತ್ತದೆ. ಮೊದಲು ಇದು ಮೂರು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಹೊಸ ನಿಯಮ ಬಂದ ಮೇಲೆ ತಿಂಗಳಿಗೊಮ್ಮೆ. ಮನೆಯ ಯೂನಿಟ್ ದರ ಐದೂ ಎಸ್ಕಾಂಗಳಲ್ಲಿ ಒಂದೇ ಇದ್ದರೂ ಈ ಪೈಸೆ ಕಂಪನಿಯಿಂದ ಕಂಪನಿಗೆ ಬೇರೆ ಇರಬಹುದು. ಹುಬ್ಬಳ್ಳಿಯ ಅಕ್ಕನಿಗೂ ಬೆಂಗಳೂರಿನ ತಮ್ಮನಿಗೂ ಒಂದೇ ಯೂನಿಟ್‌ಗೆ ಬೇರೆ ಬೇರೆ ಬಿಲ್ ಬರುವುದಕ್ಕೆ ಇದೂ ಒಂದು ಕಾರಣ.

2023ರಲ್ಲಿ ಏನಾಯಿತು ನೋಡಿ. ಮುಂಗಾರು ಕೈಕೊಟ್ಟಿತು. ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಲಾಯಿತು. ಬರ ಅಂದರೆ ವಿದ್ಯುತ್ ಕಂಪನಿಗೆ ಎರಡು ಏಟು. ಲಿಂಗನಮಕ್ಕಿ ತುಂಬದಿದ್ದರೆ 1,035 ಮೆಗಾವ್ಯಾಟ್‌ನ ಶರಾವತಿ ಕೇಂದ್ರವನ್ನು ಮನಸ್ಸು ಬಿಚ್ಚಿ ಓಡಿಸುವ ಹಾಗಿಲ್ಲ. ರಾಜ್ಯಕ್ಕೆ ಸಿಗುವ ಅತಿ ಅಗ್ಗದ ಕರೆಂಟ್ ಅದು. ಅದೇ ಹೊತ್ತಿಗೆ ಹೊಲ ಒಣಗಿ ಪಂಪ್‌ಸೆಟ್‌ಗಳು ಹಗಲೂ ರಾತ್ರಿ ಓಡುತ್ತವೆ. ಅಗ್ಗದ ಕರೆಂಟ್ ಕಡಿಮೆ, ಬೇಡಿಕೆ ಜಾಸ್ತಿ. ಆ ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದಲ್ಲಿರುವ ಖಾಸಗಿ ಉತ್ಪಾದಕರು ಕರೆಂಟನ್ನು ಹೊರಗೆ ಮಾರದೆ ಇಲ್ಲೇ ಕೊಡಬೇಕು ಅಂತ ಆದೇಶಿಸಿತು. ಉತ್ತರ ಪ್ರದೇಶ, ಪಂಜಾಬ್‌ನಿಂದ ಕೈಗಡವೂ ಆಯಿತು. ಉಳಿದದ್ದಕ್ಕೆ ವಿದ್ಯುತ್ ವಿನಿಮಯ ಮಾರುಕಟ್ಟೆ. ಅಲ್ಲಿನ ಗರಿಷ್ಠ ಬೆಲೆ ಯೂನಿಟ್‌ಗೆ 10 ರೂಪಾಯಿ.

ಮಲೆನಾಡಿನಲ್ಲಿ ಸುರಿಯದ ಮಳೆ ಯಲಹಂಕದ ಫ್ಲಾಟಿನ ಬಿಲ್‌ಗೆ ಬಂದು ಸೇರುವ ದಾರಿ ಇದು. ಮಳೆ ಚೆನ್ನಾದರೆ ಇದೇ ಸಾಲು ಇಳಿಯಬೇಕು. ಆಗ ಯಾರೂ ಗಮನಿಸುವುದಿಲ್ಲ.

2023ರ ಜೂನ್‌ನ ಗೊಂದಲ

ಆ ಬರಕ್ಕೂ ಮೊದಲು, ಅದೇ ವರ್ಷದ ಜೂನ್‌ನಲ್ಲಿ ಇನ್ನೊಂದು ಏಟು ಬಿದ್ದಿತ್ತು. ಮೇ 10ರಂದು ವಿಧಾನಸಭೆ ಚುನಾವಣೆಯ ಮತದಾನ, 13ಕ್ಕೆ ಎಣಿಕೆ. ನಡುವೆ 12ರಂದು ಕೆಇಆರ್‌ಸಿ ಆದೇಶ ಹೊರಬಿತ್ತು. ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆ, ಅದೂ ಏಪ್ರಿಲ್ 1ರಿಂದಲೇ ಜಾರಿ. ಹಿಂದಿನ ಬಾಕಿಯೂ ಸೇರಿ ಜೂನ್ ಬಿಲ್ ದಪ್ಪಗೆ ಬಂತು. ಹಳೆ ಸರ್ಕಾರ ಮಾಡಿದ್ದು ಅಂತ ಹೊಸಬರು, ಜಾರಿ ಮಾಡಿದ್ದು ನೀವು ಅಂತ ಹಳಬರು. ಜೂನ್ 22ಕ್ಕೆ ಉದ್ಯಮಿಗಳು ಬಂದ್‌ಗೂ ಕರೆ ಕೊಟ್ಟರು.

ಆ ಆದೇಶದಲ್ಲಿ ಇನ್ನೊಂದು ಚಮತ್ಕಾರ ಇತ್ತು. 100 ಯೂನಿಟ್‌ವರೆಗೆ 4.75 ರೂಪಾಯಿ. ದಾಟಿದರೆ ಮೊದಲ ಯೂನಿಟ್‌ನಿಂದಲೇ 7 ರೂಪಾಯಿ. ಅಂದರೆ 100 ಯೂನಿಟ್‌ಗೆ 475, 101ಕ್ಕೆ 707. ಒಂದೇ ಒಂದು ಯೂನಿಟ್‌ನ ಬೆಲೆ 232 ರೂಪಾಯಿ! 2024ರ ಏಪ್ರಿಲ್‌ನಿಂದ ಈ ಮೆಟ್ಟಿಲು ತೆಗೆದು ಎಲ್ಲರಿಗೂ 5.90 ಮಾಡಲಾಯಿತು. ನಮ್ಮ 220 ಯೂನಿಟ್ ಮನೆಗೆ ಅದು ನಿಜವಾದ ಇಳಿಕೆಯೇ ಆಗಿತ್ತು. 100ರೊಳಗೆ ಇದ್ದವರಿಗೆ ಏರಿಕೆ. ಅವರಲ್ಲಿ ಬಹಳಷ್ಟು ಜನರಿಗೆ ಅದು ಗೊತ್ತೂ ಆಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಗೃಹಜ್ಯೋತಿ ಬಂದಿತ್ತು.

200ರ ಗೆರೆ

2023ರ ಜುಲೈನಿಂದ ಗೃಹಜ್ಯೋತಿ. ‘200 ಯೂನಿಟ್ ಫ್ರೀ’ ಅನ್ನುವುದು ಪೂರ್ತಿ ನಿಜ ಅಲ್ಲ. 2022-23ರ ನಿಮ್ಮ ತಿಂಗಳ ಸರಾಸರಿಗೆ ಶೇ 10 ಸೇರಿಸಿದರೆ ಬರುವುದೇ ನಿಮ್ಮ ಮಿತಿ; ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ 2024ರಿಂದ ಶೇ 10ರ ಬದಲು 10 ಯೂನಿಟ್. ಹಳೆಯ ಲೆಕ್ಕ ಇಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿ 53ರ ಮೇಲೆ ಶೇ 10, ಅಂದರೆ 58. ಮಿತಿಯ ಒಳಗಿದ್ದರೆ ಶೂನ್ಯ ಬಿಲ್. ಮಿತಿ ದಾಟಿ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಹಣ. 200 ದಾಟಿದರೆ ಪೂರ್ತಿ ಬಿಲ್.

2025-26ರ ದರದಲ್ಲಿ, ಮಿತಿ 160 ಇರುವ ಎರಡು ಕಿಲೋವ್ಯಾಟ್ ಮನೆ 200 ಯೂನಿಟ್ ಬಳಸಿದರೆ 40 ಯೂನಿಟ್‌ಗೆ ವಿದ್ಯುತ್ ಶುಲ್ಕ 232 ರೂಪಾಯಿ. 201 ಆಯಿತೋ, ಎಲ್ಲ ಸೇರಿ ಬಿಲ್ 1,600 ದಾಟುತ್ತದೆ. ಆಯೋಗ ಕಿತ್ತು ಹಾಕಿದ ಮೆಟ್ಟಿಲು ಹಿತ್ತಲ ಬಾಗಿಲಿಂದ ಬಂದು ಇನ್ನಷ್ಟು ಎತ್ತರವಾಗಿ ಕೂತಿದೆ. ಏಪ್ರಿಲ್-ಮೇ ಸೆಖೆಯಲ್ಲಿ ಫ್ಯಾನು, ಕೂಲರ್ ಜಾಸ್ತಿ ಓಡಿದ ತಿಂಗಳು ಎಷ್ಟೋ ಮನೆಗಳು ಇಲ್ಲಿ ಜಾರಿ ಬೀಳುತ್ತವೆ. ಹಿಂದಿನ ತಿಂಗಳು ಇನ್ನೂರು ಚಿಲ್ಲರೆ, ಈ ತಿಂಗಳು ಸಾವಿರದ ಆರುನೂರು. ಮೀಟರ್ ಕೆಟ್ಟಿದೆ ಅಂತ ದೂರು ಕೊಡೋಕೆ ಹೊರಡುತ್ತಾರೆ. ಮೀಟರ್ ಸರಿಯಾಗೇ ಇರುತ್ತದೆ.

ಉಚಿತ ಅಂದರೆ ಆ ಕರೆಂಟ್‌ಗೆ ಯಾರೂ ದುಡ್ಡು ಕೊಡುವುದಿಲ್ಲ ಅಂತಲ್ಲ. ಮನೆಯ ಬದಲು ಸರ್ಕಾರ ಎಸ್ಕಾಂಗೆ ಕೊಡಬೇಕು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ಕಥೆಯೂ ಇದೇ. ರಾಜ್ಯದಲ್ಲಿ ಮಾರಾಟವಾಗುವ ವಿದ್ಯುತ್‌ನಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಅವಕ್ಕೇ ಹೋಗುತ್ತದೆ. 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಸಬ್ಸಿಡಿಯನ್ನು ಸರ್ಕಾರ ಮುಂಗಡವಾಗಿ ಕೊಡಬೇಕು. ತಡವಾದರೆ ಎಸ್ಕಾಂ ಸಾಲ ಮಾಡುತ್ತದೆ. ಆ ಬಡ್ಡಿಯ ಬಿಸಿ ಕೊನೆಗೆ ಬಿಲ್ ಕಟ್ಟುವವರಿಗೂ ತಟ್ಟುತ್ತದೆ. ದರದಲ್ಲಿ ವಸೂಲಿಯಾಗದೆ ಉಳಿದ ಕಂಪನಿಗಳ ಬಾಕಿಗಳನ್ನು ವರ್ಷಗಟ್ಟಲೆ ಮುಂದೆ ತಳ್ಳುತ್ತಾ ಹೋಗುವ ಹಾಗಿಲ್ಲ ಅಂತ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ವಿದ್ಯುತ್ ಆಯೋಗಗಳಿಗೂ ಹೇಳಿದೆ. ಮುಚ್ಚಿಟ್ಟ ನಷ್ಟ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅದು ದರವಾಗಿ ಹೊರಬರಲೇಬೇಕು.

ಕಂಪನಿ ಆಯ್ಕೆ ಸಿಕ್ಕರೆ ಅಗ್ಗ ಆಗುತ್ತಾ?

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಕಾಯ್ದೆ ತಿದ್ದುಪಡಿಯ ಕರಡು ಹೊರಡಿಸಿತು. ಒಂದೇ ತಂತಿಯಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿ ಕರೆಂಟ್ ಮಾರಬಹುದು ಅನ್ನುವುದು ಅದರ ಒಂದು ಅಂಶ. ಕಾರ್ಖಾನೆ, ರೈಲ್ವೆಗಳ ಮೇಲಿನ ಅಡ್ಡ ಸಬ್ಸಿಡಿ ಹೊರೆಯನ್ನು (ಬೇರೆಯವರ ದರ ತಗ್ಗಿಸಲು ಅವು ಹೆಚ್ಚು ಕೊಡುವ ಹಣ) ಐದು ವರ್ಷದಲ್ಲಿ ತೆಗೆಯಬೇಕು ಅನ್ನುವುದು ಇನ್ನೊಂದು.

ಮೊದಲನೆಯದು ಕೇಳೋಕೆ ಚೆನ್ನಾಗಿದೆ. ಸಿಮ್ ಬದಲಿಸಿದ ಹಾಗೆ ಕಂಪನಿ ಬದಲಿಸಬಹುದು. ಮುಂಬೈನ ಕೆಲವು ಕಡೆ ಟಾಟಾ ಪವರ್ ಮತ್ತು ಅದಾನಿ ನಡುವೆ ಈಗಲೇ ಆಯ್ಕೆ ಇದೆ. ಅಮೆರಿಕದ ಟೆಕ್ಸಸ್‌ನಲ್ಲಿರುವ ಕನ್ನಡಿಗರಿಗೆ ಇದು ಮಾಮೂಲು. ಆದರೆ ಅಲ್ಲೇ 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಸಗಟು ಬೆಲೆಗೆ ಕಟ್ಟಿದ ಪ್ಲ್ಯಾನ್ ತಗೊಂಡಿದ್ದ ಮನೆಗಳಿಗೆ ಸಾವಿರಾರು ಡಾಲರ್ ಬಿಲ್ ಬಂತು. ಅಗ್ಗದ ದಿನಗಳ ಲಾಭ ಬೇಕು ಅಂದವರ ತಲೆಗೆ ದುಬಾರಿ ದಿನಗಳ ನಷ್ಟವೂ ಬಿತ್ತು.

ನಮ್ಮ ಮನೆ ಬಿಲ್‌ಗೆ ಹೆಚ್ಚು ತಾಗುವುದು ಎರಡನೆಯ ಅಂಶ. ಕಾರ್ಖಾನೆ, ಅಂಗಡಿಗಳು ಇಷ್ಟು ದಿನ ತಮ್ಮ ಪಾಲಿಗಿಂತ ಹೆಚ್ಚು ಕೊಟ್ಟಿದ್ದರಿಂದ ಮನೆ ದರ ತಗ್ಗಿತ್ತು. ಅವು ಕೊಡುವುದು ಕಡಿಮೆಯಾದರೆ ಆ ಹಳ್ಳ ತುಂಬೋಕೆ ಇರುವುದು ಎರಡೇ ಜೇಬು, ಸರ್ಕಾರದ್ದು ಅಥವಾ ಮನೆಯವರದ್ದು. ಉದ್ಯಮಿಗಳ ವಾದ, ವಿದ್ಯುತ್ ದುಬಾರಿಯಾದರೆ ಕಾರ್ಖಾನೆ ಪಕ್ಕದ ರಾಜ್ಯಕ್ಕೆ ಹೋಗುತ್ತದೆ ಅಂತ. ಎಷ್ಟೋ ದೊಡ್ಡ ಗ್ರಾಹಕರು ಈಗಾಗಲೇ ಸ್ವಂತ ಸೋಲಾರ್, ಗಾಳಿ ವಿದ್ಯುತ್ ಕಡೆ ತಿರುಗಿದ್ದಾರೆ. ಹಾಗೆ ಒಬ್ಬ ಹೋದಾಗಲೆಲ್ಲ ಛತ್ರದ ಬಾಡಿಗೆ ಉಳಿದವರ ನಡುವೆ ಹಂಚಿಕೆಯಾಗುತ್ತದೆ. ಅದು ಮತ್ತೆ ನಿಗದಿತ ಶುಲ್ಕದ ಸಾಲಿಗೇ ಬರುವ ಸಾಧ್ಯತೆ ಹೆಚ್ಚು.

ಬಿಲ್‌ನಲ್ಲಿ ಬದಲಿಸಬಹುದಾದ ಒಂದು ಸಂಖ್ಯೆ

ಅಲ್ಲಾಡದ ಭಾಗ ಅಂದೆವಲ್ಲ, ಅದರೊಳಗೂ ಒಂದು ಸಂಖ್ಯೆ ಅಲ್ಲಾಡುತ್ತದೆ. ಅದು ಮಂಜೂರಾದ ಲೋಡ್. ಮನೆ ಕಟ್ಟುವಾಗ ಎಲೆಕ್ಟ್ರಿಷಿಯನ್ ‘ಇರಲಿ ಬಿಡಿ ಸಾರ್’ ಅಂತ ಬರೆಸಿದ ಮೂರೋ ನಾಲ್ಕೋ ಕಿಲೋವ್ಯಾಟ್ ಹಾಗೇ ಉಳಿದಿರುತ್ತದೆ. ನಿಗದಿತ ಶುಲ್ಕ ಬೀಳುವುದು ಅದರ ಮೇಲೆ. ನಿಜವಾಗಿ ಒಂದೇ ಹೊತ್ತಿಗೆ ಎಷ್ಟು ಎಳೆದಿದ್ದೀರಿ ಅನ್ನುವ ಗರಿಷ್ಠ ಬೇಡಿಕೆಯನ್ನು ಮೀಟರ್ ದಾಖಲಿಸುತ್ತದೆ. ಆರೇಳು ತಿಂಗಳ ಲೆಕ್ಕ ನೋಡಿ. ಅದು ಯಾವತ್ತೂ ಎರಡು ದಾಟಿಲ್ಲ ಅಂದರೆ ಮೂರು ಕಿಲೋವ್ಯಾಟನ್ನು ಎರಡಕ್ಕೆ ಇಳಿಸಿ ಅಂತ ಎಸ್ಕಾಂಗೆ ಅರ್ಜಿ ಕೊಡಬಹುದು. ಗೀಸರ್ ಇರುವ ಮನೆಯವರು ಹುಷಾರಾಗಿರಬೇಕು. ಬೆಳಗ್ಗೆ ಆರೂವರೆಗೆ ಗೀಸರ್, ನೀರಿನ ಮೋಟರ್, ಇಂಡಕ್ಷನ್ ಒಲೆ ಮೂರೂ ಒಟ್ಟಿಗೆ ಓಡಿದರೆ ಎರಡು ಕಿಲೋವ್ಯಾಟ್ ಎಲ್ಲಿಗೂ ಸಾಲದು.

ಒಂದು ಕಿಲೋವ್ಯಾಟ್ ಇಳಿದರೆ 2025-26ರ ದರದಲ್ಲಿ ಉಳಿಯುವುದು ತಿಂಗಳಿಗೆ 145 ರೂಪಾಯಿ, ವರ್ಷಕ್ಕೆ 1,740. ಸುದ್ದಿಯಾದ ಆ 10 ಪೈಸೆ ಇಳಿಕೆಯಿಂದ ನಮ್ಮ 220 ಯೂನಿಟ್ ಮನೆಗೆ ವರ್ಷಕ್ಕೆ ಉಳಿಯುವುದು 264.